ಇಲ್ಲದ ಇಪ್ಪತ್ನಾಲ್ಕು ಖೋಲಿ

ಎಕ್ಸ್-ರೇ ವಿಭಾಗದ ಹಿಂದೆ,
ಎಸಿ ತೊಟ್ಟಿಕ್ಕುವಲ್ಲಿ ಬಕೆಟ್ಟಿಟ್ಟ ಕೋಣೆಯಲ್ಲಿ
ಯಂತ್ರಗಳು ಮೂರೇ.
ಒಳಗೆ ಊರುಗಳು ಇಪ್ಪತ್ತೆರಡು.
ಭಾಲ್ಕಿ ರಕ್ತನಿಧಿಯ ಲೆಕ್ಕ ಇಡುತ್ತದೆ,
ಔರಾದ ಹೆರಿಗೆ ವಾರ್ಡಿನದು,
ಚಿಟಗುಪ್ಪ ಔಷಧಿ ಕೌಂಟರಿನದು,
ಹುಲಸೂರಿಗೆ ಕ್ಯಾಂಟೀನಿನ ಚಹಾ ಟೋಕನ್ನು, ಅಷ್ಟೇ.
ಹೆಸರಿಟ್ಟವಳು ನಾನೇ.
ಯಂತ್ರವೊಂದು ಸತ್ತರೆ ಊರಿಗೆ ಊರೇ ಎದ್ದು
ಪಕ್ಕದ ಯಂತ್ರಕ್ಕೆ ನಡೆದುಬಿಡುತ್ತದೆ,
ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ.

ನೌಬಾದಿನ ಸುರಂಗ ಬಾವಿ ಇಣುಕಿದವರಿಗೆ
ಇದನ್ನು ಬಿಡಿಸಿ ಹೇಳಬೇಕಿಲ್ಲ:
ಕೆಳಗೆ ಹರಿಯುವ ನೀರು ಒಂದೇ, ಮೇಲೆ ಬಾಯಿ ಹತ್ತಾರು,
ಪ್ರತಿಯೊಂದೂ ತಾನೇ ಬಾವಿ ಎಂದುಕೊಂಡಿದೆ.

ಮಾರ್ಚಿಯಲ್ಲಿ ಪತ್ರ ಬಂತು.
ತಂತ್ರಾಂಶದ ಕಂಪನಿಯನ್ನು ಬೇರೊಂದು ಕಂಪನಿ ಕೊಂಡಿದೆ.
ಇನ್ನು ಮಾರುವುದಿಲ್ಲ, ವರ್ಷವರ್ಷದ ಬಾಡಿಗೆ.
ಹದಿನೇಳು ಪುಟ. ಮೂರು ರಾತ್ರಿ ಓದಿದೆ,
ನಾಲ್ಕನೇ ದಿನ ಅಕೌಂಟ್ಸಿನ ವೈಜಿನಾಥ ಪಾಂಚಾಳರ ಮುಂದೆ ಕೂತೆ.

ಅವರು ಕಪಾಟು ತೆಗೆದು ಹಳೇ ರಸೀದಿ ಹಾಸಿದರು,
ಪಿನ್ನಿನ ತುಕ್ಕು ಮೂಲೆಗೆ ಹತ್ತಿದ್ದು.
‘ಶಾಶ್ವತ ಅಂತ ಅಚ್ಚಾಗ್ಯದಲ್ರಿ ತಸ್ಲೀಮಾ ಮೇಡಂ.
ಶಾಶ್ವತಕ್ಕ ಎಷ್ಟ್ ವರ್ಷ?’

ಅದೇನೂ ಸುಳ್ಳಲ್ರಿ, ಅಂದೆ.
ಬೀಗ ನಮ್ದೇ, ಕೀಲಿನೂ ನಮ್ದೇ.
ತುಕ್ಕು ಹಿಡದ್ರ ಎಣ್ಣಿ ಹಾಕವ್ರಿಲ್ಲ,
ಕಳ್ಳ ಕೀಲಿ ಮಾಡಿಸ್ಕೊಂಡ್ರ ಬೀಗ ಬದಲಿಸಿ ಕೊಡವ್ರಿಲ್ಲ.

ಮತ್ತ ಎಣಿಕಿ ಬದಲಾಗ್ಯದ.
ಮೊದಲ ಬಾಗಿಲಾ ಎಣಸ್ತಿದ್ರು. ಯಂತ್ರಕ್ಕ ಎರಡು ಪ್ರೊಸೆಸರ್,
ಒಟ್ಟು ಆರು ಬಾಗಿಲಾ.
ಈಗ ಒಳಗಿನ ಖೋಲಿ ಎಣಸ್ತಾರ, ಕೋರ್ ಅಂತಾರದಕ್ಕ.
ನಮ್ಮ ಬಾಗಿಲಿಗೆ ಹನ್ನೆರಡು. ಎಪ್ಪತ್ತೆರಡಾತು.

‘ಎಪ್ಪತ್ತೆರಡಕ್ಕೇ ಕೊಡೋಣಂತ.’

ಬಾಗಿಲಿಗೆ ಹದಿನಾರಕ್ಕಿಂತ ಕಮ್ಮಿ ಹಿಡಿಯಂಗಿಲ್ರಿ ಅವರು.
ತೊಂಬತ್ತಾರು.

ಕ್ಯಾಲ್ಕ್ಯುಲೇಟರ್ ಅಲ್ಲೇ ಇತ್ತು. ಮುಟ್ಟಲಿಲ್ಲ.
ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿತು.
‘ಇಪ್ಪತ್ನಾಲ್ಕು ಖೋಲಿ ಇಲ್ಲೇ ಇಲ್ಲ.’
ಇಲ್ಲ.
‘ಅವಕ್ಕೂ ಕಿರಾಯಿ.’
ಹೌದ್ರಿ.

ರೇಗುತ್ತಾರೆಂದು ಕಾದೆ. ನಕ್ಕರು.

‘ಚೌಬಾರಾ ಹಂತ್ಯಾಕ ನಮ್ಮಪ್ಪಂದು ಬಿದ್ರಿ ಅಂಗಡಿ ಇತ್ತು,
ಆರು ಫೂಟಿಂದು. ಪಗಡಿ ಕೊಟ್ಟು ತಗೊಂಡಿದ್ದ.
ನಿಂದೇ ತಿಳಿ, ಅಂದಿದ್ದ ಮಾಲಕ.
ಕಿಲ್ಲೇದ ಮಣ್ಣು ನಾಲಿಗಿ ಮ್ಯಾಲಿಟ್ಟು ಪಾರಖ ಮಾಡಾಂವ ನಮ್ಮಪ್ಪ,
ಕಾಗದ ನೋಡಲಿಲ್ಲ.
ಮಾಲಕನ ಮಕ್ಕಳು ಮಾರಿದ್ರು. ಹೊಸಬ ಟೇಪ್ ಹಿಡ್ಕೊಂಡು ಬಂದ.
ಗೋಡಿ ಅಳದ, ಪಾವಟಿಗಿ ಅಳದ,
ಪರದಾದ ನೆರಳು ಬೀಳೋ ಜಾಗಾನೂ ಅಳದ.
ಪಗಡಿ ಯಾರಿಗೆ ಕೊಟ್ಟಿದ್ದಿ, ಅವರಿಗೇ ಕೇಳು, ಅಂದ.’

ನಿಮ್ಮಪ್ಪ ಏನ್ ಮಾಡಿದ್ರು?

‘ಒಂದು ವರ್ಷ ಕೊಟ್ಟ. ಬೈಕೋತ ಕೊಟ್ಟ.
ಆ ವರ್ಷದಾಗೇ ಮನ್ಯಾಗ ಭಟ್ಟಿ ಹಚ್ಚಿದ,
ನಾವು ಹಾಸಿಗಿ ಹಾಸೋ ಜಾಗದಾಗ.’

ಹದಿನೇಳು ಪುಟ ನನಗೆ ತಿಳಿದದ್ದು ಆಗ.

ಒಂದೇ ವರ್ಷಕ್ಕೆ ಸಹಿ ಹಾಕಿದರು.
ಹಳೇ ರಸೀದಿಗೆ ಪ್ಲಾಸ್ಟಿಕ್ ಕವರು ಹಾಕಿ
ಮತ್ತೆ ಕಪಾಟಿಗೆ. ಯಾಕೆಂದು ನಾನು ಕೇಳಲಿಲ್ಲ.

ಸ್ಟೋರಿನಲ್ಲಿ ಧೂಳು ತಿನ್ನುತ್ತಿದ್ದ ಮುದಿ ಯಂತ್ರವನ್ನು ಒರೆಸಿ
ಯಾರಿಗೂ ಕಾಸು ಕೊಡಬೇಕಿಲ್ಲದ ತಂತ್ರಾಂಶ ಹಾಕಿದ್ದೇನೆ.
ಮೂರು ಸಲ ಏಳಲಿಲ್ಲ.
ಅದರ ಪುಸ್ತಕ ಬರೆದವರು ನನ್ನಂಥವರ ಮೇಲೆ ಕರುಣೆ ತೋರಿಲ್ಲ.

ಕೆಲವು ರಾತ್ರಿ ಆ ಇಪ್ಪತ್ನಾಲ್ಕು ಖೋಲಿ ನೆನಪಾಗುತ್ತವೆ.
ಕಸ ಗುಡಿಸುವುದಿಲ್ಲ, ದೀಪವಿಲ್ಲ,
ಬಾಡಿಗೆ ಮಾತ್ರ ಬಾಕಿಯಿಲ್ಲ.
ವಾರ್ಡಿನ ವರಾಂಡದಲ್ಲಿ ಚಾಪೆಯ ಮೇಲೆ ಮಲಗಿದವರನ್ನು
ದಾಟಿ ಮನೆಗೆ ಹೋಗುತ್ತೇನೆ.

ನಿನ್ನೆ ಎರಡು ಗಂಟೆಗೆ ಹುಲಸೂರನ್ನು ಎಬ್ಬಿಸಿ ಕರೆತಂದೆ.
ಬೆಳಿಗ್ಗೆ ಕ್ಯಾಂಟೀನಿನ ಅಂಬುಬಾಯಿ ಗುಂಡಿ ಒತ್ತಿದಳು,
ಟೋಕನ್ ಬಂತು, ಎಂದಿನಂತೆ ಮಸಿ ಮಾಸಿದ್ದು.
ಚಹಾ ಕುಡಿದೆ. ಸಕ್ಕರೆ ಜಾಸ್ತಿ.

ಇನ್ನು ಇಪ್ಪತ್ತೊಂದು.
ಭಾಲ್ಕಿ ಕೊನೆಗೆ. ರಕ್ತದ ಲೆಕ್ಕ ಅದು,
ಅಲ್ಲಿಯತನಕ ಕೈ ಪಳಗಲಿ.