ಬಾರ್ಲಿ ಕೊಯ್ದ ಮೇಲೆ

ಎಸ್ಕಿಲ್‌ಗೆ ಕಿವಿ ಮಂದ, ಗುಡ್ರುನ್‌ಗೆ ಹೆಗಲುನೋವು.
ಯಂತ್ರ ಬೀಸುವುದು ಅವನು, ಹೆಡ್‌ಫೋನ್ ಇವಳ ತಲೆಗೆ,
ನಡುವೆ ಎರಡು ಮಾರು ತಂತಿ.
ಕೊರಳು ಬೇರೆ, ನೊಗ ಒಂದೇ.
ಗುದ್ದಲಿ ನನ್ನದು.

ಪಡುವಣ ಡೆನ್ಮಾರ್ಕಿನ ಹೊಲ, ಬಾರ್ಲಿ ಕೊಯ್ದು ಮೂರು ದಿನ.
ಕೂಳೆ ಚುಚ್ಚುತ್ತದೆ, ಕಡಲಗಾಳಿ ಕಣ್ಣಿಗೆ ಉಪ್ಪು ತೂರುತ್ತದೆ.
ಗುಡ್ರುನ್ 'ಹೂಂ' ಅಂದಳೆಂದರೆ ಅಗೆಯಬೇಕು:
ಟ್ರ್ಯಾಕ್ಟರಿನ ನಟ್ಟು, ಹಾಲಿನ ಕ್ಯಾನಿನ ಮುಚ್ಚಳ,
ಯಾವನೋ ಸಿಪಾಯಿಯ ಅಂಗಿಗುಂಡಿ,
ಮತ್ತೆ ನಟ್ಟು.
"ಲೋಕವೇ ಸಡಿಲ ಕಣೋ" ಎನ್ನುತ್ತಾನೆ ಎಸ್ಕಿಲ್,
ತನಗೆ ಕೇಳದ್ದನ್ನು ಊರಿಗೆಲ್ಲ ಕೇಳುವಂತೆ.

ಸಂಜೆ ಸಿಕ್ಕಿತು, ಗೇಣುದ್ದ ಆಳದಲ್ಲಿ,
ಇಂಗೆರ್ಲಿಸ್ ಅಜ್ಜಿಯ ಮದುವೆಯುಂಗುರ.
ಐವತ್ತೆರಡು ವರ್ಷದ ಮಣ್ಣನ್ನು
ಎಸ್ಕಿಲ್ ಉಗುಳು ಹಚ್ಚಿ ಒರೆಸಿದ.

ಅಜ್ಜಿ ಕಾಫಿ ಕೊಟ್ಟಳು. ಉಂಗುರ ಮುಟ್ಟಲಿಲ್ಲ.
"ಬಿದ್ದದ್ದಲ್ಲ ಅದು," ಅಂದಳು, "ಎಸೆದದ್ದು.
ಗಂಡ ಮೂರು ಸುಗ್ಗಿ ಹುಡುಕಿದ, ಪಾಪ,
ಲಾಟೀನು ಹಿಡಿದು."

"ಏನಂತೆ?" ಎಸ್ಕಿಲ್ ಕೇಳಿದ.
ಗುಡ್ರುನ್ ಅವನ ಕಿವಿಗೆ ಬಾಯಿಟ್ಟು ಕೂಗಿದಳು:
"ಖುಷಿಯಾಯಿತಂತೆ!"
ಅಜ್ಜಿ ಅವನಿಗೆ ಇನ್ನೊಂದು ಕಪ್ ಸುರಿದಳು.

ಕತ್ತಲಲ್ಲಿ ಕಾರಿನವರೆಗೆ ಅವನೊಬ್ಬನೇ ಶಿಳ್ಳೆ ಹೊಡೆಯುತ್ತಿದ್ದ.
ತಂತಿ ಇನ್ನೂ ಬಿಚ್ಚಿರಲಿಲ್ಲ.