ಕೆನ್ನೆಯ ಕಚ್ಚು

ಬಂದರಿನ ಓಣಿಯಲ್ಲಿ ನನ್ನ ಅಂಗಡಿ, ಒಣಮೀನಿನ ಗೋಡೌನಿಗೆ ತಾಗಿ.
ಕಸಬಾ ಬೆಂಗ್ರೆಯಿಂದ ಹತ್ತೂವರೆಯ ದೋಣಿಗೆ ಬಂದ ಉಮ್ಮಾಲಿಯಮ್ಮ
ಗಂಟು ಬಿಚ್ಚಿ ಸೊಂಟಪಟ್ಟಿ ಮೇಜಿಗೆ ಸುರಿದಳು.
ಏಳು ನಾಣ್ಯ.
ನೆತ್ತಿಗೆ ಕೊಂಡಿ ಬೆಸೆದು ಸಾಲಾಗಿ ತೂಗುಬಿಟ್ಟ ದೊರೆಗಳು:
ವಿಕ್ಟೋರಿಯಾ, ವಿಕ್ಟೋರಿಯಾ,
ಎಡ್ವರ್ಡನ ಬೋಳುತಲೆ,
ಮೂರು ಜಾರ್ಜು.
ಕೊನೆಯವ ಯಾರೋ ಬೇರೆ. ಸಣ್ಣವ.
ಗುಂಗುರು ಕೂದಲಿಗೆ ಪಟ್ಟಿ ಬಿಗಿದ ಹುಡುಗ,
ಕೆನ್ನೆಯಲ್ಲಿ ಉಳಿಯ ಒಂದು ಕಚ್ಚು.
ಇವನಿಗೆ ಮಾತ್ರ ಕೊಂಡಿ ಕತ್ತಿನ ಕೆಳಗೆ.

"ಅಜ್ಜಿಯ ಕಾಲದ್ದು. ಅದಕ್ಕೆ ಗಾಯ ಉಂಟು,
ತೂಕ ಬೇಕಾದರೆ ಕಡಿಮೆ ಹಿಡೀರಿ."

ಭೂತಗನ್ನಡಿ ಹಿಡಿದೆ. ಸುತ್ತ ಯವನರ ಅಕ್ಷರ.
ಹಿಂಬದಿಗೆ ಸಿಡಿಲೆತ್ತಿದ ದೇವಿ, ಬಲದಿಂದ ಎಡಕ್ಕೆ ಓಡುವ ಇನ್ನೊಂದು ಲಿಪಿ.
"ನಮ್ಮ ಓದಿನ ಹಾಗೇ," ಅಂದಳು.
ಮೆನಾಂದರ್. ಇಲ್ಲಿಯವರ ಬಾಯಲ್ಲಿ ಮಿಲಿಂದ.
ಅತ್ತ ತನ್ನವರಿಗೆ, ಇತ್ತ ಈ ಮಣ್ಣಿನವರಿಗೆ
ಎರಡು ಭಾಷೆಯಲ್ಲಿ ಒಂದೇ ಬಿರುದು: ಕಾಪಾಡುವವ.

ನನಗೆ ಹೇಗೆ ಗೊತ್ತೆಂದರೆ,
ಮೂವತ್ತು ವರ್ಷದ ಹಿಂದೆ ಚೌಕದ್ದೊಂದು ಬಂದಿತ್ತು,
ಒಂದು ಮೈಗೆ ಆನೆ, ಇನ್ನೊಂದಕ್ಕೆ ಗೂಳಿ.
ಮೂಸೆಗೆ ಹಾಕಿದೆ. ಮಗಳ ಕಾಲಿಗೆ ಗೆಜ್ಜೆಯಾಯಿತು.
ವಾರ ಕಳೆದು ಎಂಬ್ರೋಜ್ ಮಾಸ್ತರರು ಹುಡುಕಿಕೊಂಡು ಬಂದು
ಪುಸ್ತಕ ಬಿಡಿಸಿ ಚಿತ್ರ ತೋರಿಸಿದರು: ಅಪೊಲೊಡೋಟಸ್.
ಬೈಯಲಿಲ್ಲ. ಪುಸ್ತಕ ಇಟ್ಟುಹೋದರು.
ಆಮೇಲೆ ಮಗು ನಡೆದಾಗಲೆಲ್ಲ
ಆನೆ ಯಾವ ಕಾಲಲ್ಲಿ, ಗೂಳಿ ಯಾವುದರಲ್ಲಿ ಎಂದು
ಕಿವಿ ಕೊಡುತ್ತಿದ್ದೆ.

ಈ ಕಚ್ಚು ಯುದ್ಧದ್ದಲ್ಲ.
ಯಾವ ಪೇಟೆಯಲ್ಲೋ ನನ್ನಂಥ ಒಬ್ಬ,
ಹೊಟ್ಟೆಯೊಳಗೆ ತಾಮ್ರ ಉಂಟಾ ನೋಡಲಿಕ್ಕೆ
ಮುಖ ಮುಲಾಜಿಲ್ಲದೆ ಉಳಿ ಇಟ್ಟಿದ್ದಾನೆ.
ಒಳಗೂ ಬೆಳ್ಳಿಯೇ.
ಹೆಸರಿಲ್ಲದ ಆ ಸರಾಫನ ಸಹಿ ಅಷ್ಟೇ, ಒಂದು ಗೀಟು.
ದೊರೆಗಿಂತ ಅವನೇ ನನಗೆ ಹತ್ತಿರದ ನೆಂಟ.

"ಕಾಪಾಡುವವನಾ?" ಉಮ್ಮಾಲಿಯಮ್ಮ ನಕ್ಕಳು.
"ಅಜ್ಜಿಗೆ ಒಂಬತ್ತು ಹೆರಿಗೆ. ಇವ ಸೊಂಟದಲ್ಲೇ ಇದ್ದ.
ಉಳಿದದ್ದು ಐದು.
ಅದಕ್ಕೆ ಎಷ್ಟು ಕಟ್ಟುತ್ತೀರಿ?"

ಆರಕ್ಕೆ ಇವತ್ತಿನ ದರ ಹಾಕಿ ನೋಟು ಎಣಿಸಿದೆ.
ಏಳನೆಯದನ್ನು ತಕ್ಕಡಿಗೆ ಇಡಲಿಲ್ಲ.
ಇದರ ಬೆಲೆ ನನ್ನ ಕಲ್ಲಿಗೆ ಸಿಗುವುದಿಲ್ಲ,
ಮೂಸೆಯವರ ಕೈಗೆ ಮಾತ್ರ ಕೊಡಬೇಡಿ ಅಂದೆ.
ಅವಳು ಅಂಗೈಯಲ್ಲಿ ಅವನನ್ನು ತಿರುಗಿಸಿ, ಮತ್ತೆ ತಿರುಗಿಸಿ
ನೋಡುತ್ತ ನಿಂತಳು.
"ಹಾಗಾದರೆ ಕೊಂಡಿಯಾದರೂ ತಲೆಯ ಬದಿಗೆ ಹಾಕಿಕೊಡಿ.
ಪಾಪ, ಇಷ್ಟು ಕಾಲ ತಲೆಕೆಳಗೆ,
ನೆತ್ತರೆಲ್ಲ ಇಳಿದಿರಬೇಕು."

ಊದುಗೊಳವೆ ತೆಗೆದೆ.
ಒಂದು ಗಂಟೆಯ ದೋಣಿ ಅವಳಿಗೆ ತಪ್ಪಿತು.