ಬೆಸ ಸಂಖ್ಯೆ

ಹಲ್ಲು ಕೊರೆಸಿಕೊಂಡವರಿಗೆ ಗೊತ್ತು ಈ ವಾಸನೆ.
ದಂತ ಅಂದರೂ ಅದೂ ಹಲ್ಲೇ ತಾನೆ.
ಬೆಂಕಿಪೊಟ್ಟಣದಷ್ಟು ತುಂಡು ಕೊಯ್ದು
ದ್ರವ ಸಾರಜನಕದ ಹೊಗೆಯಲ್ಲಿ ಅದ್ದಿ
ಕುಟ್ಟಿದರೆ ಮೈದಾಹಿಟ್ಟಿನಂಥ ಬಿಳಿ.
ಮೂಗಿಗೆ ಬಟ್ಟೆ ಕಟ್ಟಿದ್ದರೂ
ಸಂಜೆಯ ಚಹಾದಲ್ಲಿ ಅದೇ ಸುಟ್ಟ ಎಲುಬು.

ಮೊಂಬಾಸಾ ಬಂದರಿನಲ್ಲಿ ಕಂಟೇನರಿನ ಬಾಗಿಲು ತೆಗೆದದ್ದು
ಕಸ್ಟಮ್ಸಿನ ಮ್ವಾಕಿಯೊ. ಕಾಗದದಲ್ಲಿ ಚಹಾಪುಡಿ.
ಮೊದಲ ನಲವತ್ತು ಮೂಟೆ ನಿಜವಾಗಿಯೂ ಚಹಾಪುಡಿ,
ತೋರಿಸುವ ಹಲ್ಲು.
ಅದರ ಹಿಂದೆ, ಗೋಣಿ ಸುತ್ತಿ, ಇನ್ನೂರ ಹದಿಮೂರು.
ಎರಡು ಸಲ ಎಣಿಸಿ ಕೇಳಿದ:
"ಕಾಡ್ಜೊ, ಬೆಸ ಸಂಖ್ಯೆ ಹೇಗೆ ಬಂತು?
ಆನೆಗೆ ಎರಡಲ್ಲವೆ?"

ನಕ್ಕುಬಿಟ್ಟೆ ಆಗ. ಒಂದು ಮುರಿದಿರಬಹುದು, ಅಂದೆ.
ಆಮೇಲೆ ರಾತ್ರಿಯಿಡೀ ನೆಲದ ಮೇಲೆ ಮಲಗಿಸಿ
ಬಣ್ಣ, ಬಾಗು, ಸವೆತ ನೋಡಿ ಜೊತೆ ಹುಡುಕಿದೆವು,
ಮದುವೆಮನೆಯ ಬಾಗಿಲಲ್ಲಿ ಚಪ್ಪಲಿ ಹುಡುಕುವ ಹಾಗೆ.
ಅರ್ಧಕ್ಕರ್ಧ ಒಂಟಿ.

ನಾಲ್ಕಕ್ಷರ ಕಲಿ, ಅಂತ ಶಾಲೆಗೆ ಅಟ್ಟಿದ್ದಳು ಅವ್ವ,
ಕಿಲಿಫಿಯ ಗೋಡಂಬಿ ಕಾರ್ಖಾನೆಯಲ್ಲಿ ಬೆರಳು ಕಪ್ಪಾದವಳು.
ಕಲಿತೆ. ಈಗ ದಿನವಿಡೀ ನಾಲ್ಕೇ ಅಕ್ಷರ:
ಎ, ಟಿ, ಜಿ, ಸಿ.
ಒತ್ತಿಲ್ಲ, ದೀರ್ಘವಿಲ್ಲ, ಉಸಿರು ತಿರುಗಿಸಲು ಜಾಗವಿಲ್ಲ,
ಪರದೆಯ ಮೇಲೆ ಇರುವೆಸಾಲು.
ಓದುತ್ತೇನೆ ಅನ್ನುವುದೂ ಬಡಾಯಿ. ಓದುವುದು ಯಂತ್ರ.
ನಾನು ಒಂದರ ಪಕ್ಕ ಒಂದು ಹಿಡಿದು ನೋಡುವವಳು,
ಮೊರದಲ್ಲಿ ಕಾಳು ಆರಿಸುವವಳು.

ಪಕ್ಕಕ್ಕಿಡಲು ಇನ್ನೊಂದು ಬೇಕಲ್ಲ.
ಅದನ್ನು ಕಳಿಸುವವನು ಅಸ್ಸಾನೆ,
ಮೊಜಾಂಬಿಕಿನ ಲುಜೆಂಡ ನದಿಯ ದಡದಿಂದ.
ಹಕ್ಕಿಯನ್ನು ಕರೆದು ಜೇನಿನ ಜಾಗ ಕೇಳುವ ಮನೆತನ;
ಇವನು ಲದ್ದಿ ಹೆಕ್ಕುತ್ತಾನೆ.
ಕರುಳು ಸವರಿ ಕಳಿಸಿದ ತೆಳು ಲೋಳೆಯನ್ನು
ಐಸ್‌ಕ್ರೀಮ್ ಕಡ್ಡಿಯಲ್ಲಿ ಕೆರೆದು ಸೀಸೆಗೆ.
ಸೀಸೆಯ ಮೇಲೆ ತಾರೀಖು, ಜಾಗ,
ಒಮ್ಮೊಮ್ಮೆ ಯಾರೂ ಕೇಳದ್ದು:
"ಎಡಗಿವಿ ಹರಿದವಳು. ನನ್ನ ನೋಡಿ ಓಡಲಿಲ್ಲ."
ಇದಕ್ಕೂ ಸಂಬಳವೇ ಅನ್ನುತ್ತಾಳಂತೆ ಹೆಂಡತಿ.
ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು
ಎಂದು ಗಾದೆ ಕಟ್ಟಿದವರು
ಲದ್ದಿಗೆ ಬೆಲೆ ಕಟ್ಟಿರಲಿಲ್ಲ.

ಏಳು ತಿಂಗಳ ಮೇಲೆ ಹೈಫಾಂಗಿನಲ್ಲಿ
ಪೊಳ್ಳು ಕೊರೆದ ಮರದ ದಿಮ್ಮಿಗಳೊಳಗೆ
ಸಿಕ್ಕವು ಇನ್ನೊಂದಷ್ಟು.
ಅಲ್ಲಿಯ ಚಿಟಿಕೆ ಪುಡಿ ಇಲ್ಲಿಗೆ ಬರಲು
ಪರವಾನಗಿ, ಮೊಹರು, ಮತ್ತೆ ಪರವಾನಗಿ:
ಆನೆಯ ಬಸಿರಿನಷ್ಟೇ ಕಾಲ ಹಿಡಿಯಿತು.
ಮಾರ್ಚಿನ ಒಂದು ಮಧ್ಯಾಹ್ನ, ಕರೆಂಟು ಎರಡು ಸಲ ಹೋಗಿ ಬಂದು,
ಅವರ ಎಂಬತ್ತೆಂಟು, ನನ್ನ ನೂರ ಏಳು,
ನೋಡಿದ ಹದಿನಾರು ಕಡೆ ಹದಿನಾರೂ ಒಂದೇ.
ಹೆಣ್ಣು. ಅವರದು ಎಡದ್ದು, ನನ್ನದು ಬಲದ್ದು.
ಒಂದೇ ಮುಖದ ಎರಡು ಮಗ್ಗುಲು
ಎರಡು ಹಡಗು ಹತ್ತಿದ್ದವು.

ಕೈ ತೊಳೆದುಕೊಂಡೆ. ಯಾಕೋ ಮತ್ತೆ ತೊಳೆದುಕೊಂಡೆ.

ಮ್ವಾಕಿಯೊಗೆ ಬೇಕಿದ್ದದ್ದು ಬೇರೆ.
ಎರಡು ಸರಕು, ಎರಡು ಕಂಪನಿ, ಎರಡು ಸಹಿ ನಿಜ,
ಆನೆ ಒಂದೇ ಆದರೆ ಕೊಂಡವನೂ ಒಬ್ಬನೇ ಅಲ್ಲವೆ, ಅಂದ.
ಆನೆ ನಡೆದದ್ದೇ ದಾರಿ;
ಸತ್ತ ಮೇಲೂ ನಡೆದು ತೋರಿಸಿದಳು
ಗೋದಾಮಿನಿಂದ ಗೋದಾಮಿಗೆ.

ಕೋರ್ಟಿನಲ್ಲಿ ವಕೀಲ ಕನ್ನಡಕ ಒರೆಸುತ್ತ ಕೇಳಿದ:
ಆ ಆನೆಯನ್ನು ನೀವು ನೋಡಿದ್ದೀರಾ?
ಇಲ್ಲ.
ಹೋಗಲಿ, ಯಾವುದಾದರೂ ಆನೆಯನ್ನು?
ಒಮ್ಮೆ, ಶಾಲೆಯ ಪ್ರವಾಸದಲ್ಲಿ, ಬಸ್ಸಿನ ಕಿಟಕಿಯಿಂದ.
ತ್ಸಾವೊದ ಕೆಂಪು ಧೂಳು ಮೆತ್ತಿಕೊಂಡು ನಿಂತಿತ್ತು.
ಜನ ನಕ್ಕರು. ಮುಂದಿನ ತಾರೀಖು ಕೊಟ್ಟರು.

ಎಂಬತ್ತೆಂಟು ಅಲ್ಲಿಯೇ ಇದೆ, ನೂರ ಏಳು ಇಲ್ಲಿ,
ಎರಡಕ್ಕೂ ಅರಗು, ಎರಡಕ್ಕೂ ಬೀಗ.

ಮೊನ್ನೆ ಅಸ್ಸಾನೆಯ ಪೆಟ್ಟಿಗೆಯಲ್ಲಿ ಒಂದು ಸೀಸೆ
ಹದಿನಾರು ಕಡೆಯೂ ಅರ್ಧರ್ಧ ಹೊಂದಿತು ಆ ಜೋಡಿಗೆ.
ಮಗಳು.
ಲದ್ದಿಯ ಸುತ್ತಳತೆ ನೋಡಿದರೆ ಎಂಟೋ ಒಂಬತ್ತೋ ವರ್ಷ.
ಸೀಸೆಗೆ ಅಂಟಿಸಿದ ಚೀಟಿಯಲ್ಲಿ ಅವನ ಸೊಟ್ಟ ಅಕ್ಷರ:
"ಇನ್ನೂ ಬಿಸಿ ಇತ್ತು. ಹತ್ತಿರದಲ್ಲೇ ಇರಬೇಕು.
ಬೇಗ ಬಂದುಬಿಟ್ಟೆ."